ಶ್ರೀರಂಗಪಟ್ಟಣದ ಜಾಕೋಬಿನರು: ಸುದ್ದಿಪಟ್ಟಿ ಹಾಕಿಕೊಂಡು ಕಾದಂಬರಿ ಬರೆದ ಬಗೆ

ಕ್ರಾಂತಿಕಾಲದ ಕಾದಂಬರಿ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮುಂದೆ ಆಗುವುದೆಲ್ಲ ಪಾತ್ರಗಳಿಗೆ ಮೊದಲೇ ಗೊತ್ತಿರುತ್ತದೆ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರನ್ನು, ಅವರಲ್ಲಿನ ಜಾಕೋಬಿನರನ್ನು (ಫ್ರೆಂಚ್ ಕ್ರಾಂತಿಯ ಕಟ್ಟಾ ಬೆಂಬಲಿಗರನ್ನು) ಕುರಿತು ಬರೆಯುವಾಗ, ಕಥೆಯ ಹಂದರಕ್ಕೂ ಮುಂಚೆ ನಾನು ಒಂದು ಸುದ್ದಿಪಟ್ಟಿ ಹಾಕಿಕೊಂಡೆ. ನಾಲ್ಕು ಕಲಂ: ಘಟನೆ ನಡೆದ ದಿನ, ಊರು ಮುಟ್ಟಿರಬಹುದಾದ ತಿಂಗಳು, ತಂದವರು ಯಾರು, ಯಾವ ಪಾತ್ರದ ಕಿವಿಗೆ ಬಿತ್ತು.

ಫ್ರಾನ್ಸಿನ ದೊರೆ 16ನೇ ಲೂಯಿಯ ತಲೆ ಹೋದದ್ದು 1793ರ ಜನವರಿ 21ರಂದು. ಪ್ಯಾರಿಸ್ಸಿನ ಸುದ್ದಿ ಕಡಲು ದಾಟಲು ತಿಂಗಳುಗಳೇ ಬೇಕು. ಆ ಆಗಸ್ಟಿನಲ್ಲಿ ಫ್ರೆಂಚರ ಪುದುಚೇರಿ ಇಂಗ್ಲಿಷರ ಪಾಲಾಯಿತು. ಆಮೇಲೆ ನಂಬಬಹುದಾದ ದಾರಿಯೆಂದರೆ ಆಗ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್–ಮಂಗಳೂರು. ಮಂಗಳೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಹಡಗು ನಿಲ್ಲದು. ಆಷಾಢದಲ್ಲಿ ಹಡಗಿನಿಂದ ಪತ್ರ ಬಂದು ಕಥೆ ತಿರುಗುವ ಅಧ್ಯಾಯವಿದ್ದರೆ ಅದನ್ನು ಬಿಟ್ಟುಬಿಡಬೇಕು. 1798ರಲ್ಲಿ ಟಿಪ್ಪುವಿನ ನೆರವಿಗೆ ಮಾರಿಷಸ್‌ನಿಂದ ಬಂದ ಸ್ವಯಂಸೇವಕರು (ನೂರು ಮಂದಿಯೂ ಇರಲಿಲ್ಲ) ಇಳಿದದ್ದೂ ಏಪ್ರಿಲ್‌ನಲ್ಲೇ.

ತಾರೀಖು ಹೇಳುವುದರಲ್ಲೇ ಪಾತ್ರ ಬೇರೆಯಾಗಬೇಕು. 1797ರ ಮೇ 15 ಫ್ರೆಂಚ್ ಸಿಪಾಯಿಗೆ ಕ್ರಾಂತಿಯ 5ನೇ ವರ್ಷದ ಫ್ಲೋರೆಯಾಲ್ ತಿಂಗಳ 26, ದಫ್ತರದ ಗುಮಾಸ್ತನಿಗೆ ಮೌಲೂದಿ (ಟಿಪ್ಪು ಜಾರಿಗೆ ತಂದ ವರ್ಷಗಣನೆ) 1225, ಅಗ್ರಹಾರದವರಿಗೆ ಪಿಂಗಳ ಸಂವತ್ಸರದ ವೈಶಾಖ ಬಹುಳ. ಕ್ರಾಂತಿಯ ಪಂಚಾಂಗದಲ್ಲಿ ವಾರಕ್ಕೆ ಹತ್ತು ದಿನ. ಆದ್ದರಿಂದ ಫ್ರೆಂಚನೊಬ್ಬ 'ಭಾನುವಾರ' ಅಂದರೆ ಅದು ಲೇಖಕನ ಎಡವಟ್ಟು, ಇಲ್ಲವೇ ಅವನು ಒಳಗೊಳಗೇ ಹಳೆಯ ಕ್ರೈಸ್ತ ಧರ್ಮದವನು. ನನ್ನ ತುಪಾಕಿ ಕಮ್ಮಾರ ಎರಡನೆಯ ಬಗೆಯವನು. ಈ ಒಂದು ಮಾತಿನಿಂದಲೇ ಅವನು ಸಿಕ್ಕಿಬೀಳುತ್ತಾನೆ. ಸಂಬಳವನ್ನು ಬರೀ 'ನಾಣ್ಯ' ಎಂದು ಬರೆಯಬೇಡಿ. ರೂಪಾಯಿಗೆ ಇಮಾಮಿ, 'ಹಣ' ಎಂಬ ಚಿಕ್ಕ ಚಿನ್ನದ ನಾಣ್ಯಕ್ಕೆ ರಾಹತಿ ಎಂದು ಟಿಪ್ಪು ಹೆಸರಿಟ್ಟಿದ್ದ. ಅವನ ನಾಣ್ಯಗಳ ಮೇಲೆ ಮೌಲೂದಿ ವರ್ಷದ ಅಂಕಿಗಳು ಬಲದಿಂದ ಎಡಕ್ಕಿವೆ: 1225 ಅನ್ನು ನಮ್ಮ ರೂಢಿಯಲ್ಲಿ ಓದಿದರೆ 5221 ಆಗುತ್ತದೆ. ಪಾರ್ಸಿ ಲೆಕ್ಕ ಓದಬಲ್ಲ ಹೊಸಬ ಅಂಥದ್ದನ್ನು ಅಂಗೈಲಿಟ್ಟುಕೊಂಡು ಒಂದು ಕ್ಷಣ ತಡವರಿಸಿದರೆ ಸಾಕು, ಅರ್ಧ ಪುಟದ ವರ್ಣನೆ ಉಳಿಯುತ್ತದೆ.

ತೊಡಕಿನ ಕೆಲಸವೆಂದರೆ ಜಾಕೋಬಿನ್ ಕ್ಲಬ್ಬಿನ ಕಾಗದಗಳು. ರಿಪೋ ಎಂಬ ಫ್ರೆಂಚ್ ಹಡಗುಗಾರನ ಮುಂದಾಳತ್ವ, ಸ್ವಾತಂತ್ರ್ಯ ವೃಕ್ಷ ನೆಟ್ಟದ್ದು, ಟಿಪ್ಪುವೊಬ್ಬನನ್ನು ಬಿಟ್ಟು ಮಿಕ್ಕ ರಾಜರೆಲ್ಲರ ಮೇಲೆ ದ್ವೇಷದ ಪ್ರತಿಜ್ಞೆ, ಎಲ್ಲ ಅದರಲ್ಲಿದೆ. ಆದರೆ ಅವನ್ನು ಅಚ್ಚು ಹಾಕಿಸಿದವರು 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಇಂಗ್ಲಿಷರು, ಯುದ್ಧ ಸರಿ ಎಂದು ತೋರಿಸಲು. ಆ ಕಾಗದಗಳನ್ನೇ ಅನುಮಾನಿಸುವ ಇತಿಹಾಸಕಾರರಿದ್ದಾರೆ. ಇವುಗಳಲ್ಲಿ ಮಾತ್ರ ಸಿಗುವ ಸಂಗತಿಗೆ ಪಟ್ಟಿಯಲ್ಲಿ ಕೆಂಪು ಗೀಟು. ಅದನ್ನು ನಿರೂಪಕ ಹೇಳುವಂತಿಲ್ಲ, ಪಾತ್ರವೊಂದು ಕೇಳಿದ್ದಾಗಿ ಹೇಳಬಹುದು. ಫ್ರೆಂಚ್ ಧ್ವಜ ಏರಿಸಿದಾಗ 2,300 ತೋಪು ಹಾರಿಸಿದರೆಂಬ ಮಾತು ನನ್ನಲ್ಲಿ ಸಂತೆಪೇಟೆಯ ಎಣ್ಣೆ ವ್ಯಾಪಾರಿಯ ಬಾಯಲ್ಲಿ ಬರುತ್ತದೆ. ಪಕ್ಕದವನು ನಗುತ್ತಾನೆ.

ಪಟ್ಟಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಬೇರೆ. 1794ರ ಫೆಬ್ರವರಿ 4ರಂದು ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು. ಅದನ್ನು ಜಾರಿಮಾಡಲು 1796ರಲ್ಲಿ ಮಾರಿಷಸ್‌ಗೆ ಬಂದ ಪ್ರತಿನಿಧಿಗಳನ್ನು ಅಲ್ಲಿನ ತೋಟದ ಧಣಿಗಳು ಹಡಗು ಹತ್ತಿಸಿ ಅಟ್ಟಿದರು. 1797ರಲ್ಲಿ ಅಲ್ಲಿಂದ ಬಂದ ನಾವಿಕನಿಗೂ ಅವನ ಆಳಿಗೂ ಇದು ಗೊತ್ತಿರುತ್ತದೆ, ಶ್ರೀರಂಗಪಟ್ಟಣದ ದುಭಾಷಿಗೆ ಗೊತ್ತಿರುವುದಿಲ್ಲ. ಹಾಗಾಗಿ ಸಮಾನತೆಯ ಭಾಷಣವನ್ನು ದುಭಾಷಿ ಹುರುಪಿನಿಂದ ಅನುವಾದಿಸುವ ಅಧ್ಯಾಯವನ್ನು ಪೂರ್ತಿ ಆ ಆಳಿನ ಕಡೆಯಿಂದ ಬರೆದೆ.