ಸ್ಟುಡಿಯೋ ಮಾನಿಟರ್ ಕೈಕೊಟ್ಟಿತೇ? ಬದಲಿಸುವ ಮೊದಲು, ಬದಲಿಸಿದ ಮೇಲೆ

ರೆಕಾರ್ಡ್ ಮಾಡಿದ ದನಿಗಳನ್ನು ಹದವಾಗಿ ಬೆರೆಸುವಾಗ (ಮಿಕ್ಸಿಂಗ್) ಕೇಳಲು ಇಡುವ ಸ್ಪೀಕರೇ ಸ್ಟುಡಿಯೋ ಮಾನಿಟರ್. ಎಡಗಡೆಯ ಸ್ಪೀಕರ್ ಆಗಾಗ ಮೌನವಾಗುತ್ತದೆ. ವಾಲ್ಯೂಮ್ ಏರಿಸಿದರೆ ಮತ್ತೆ ಜೀವ ಬರುತ್ತದೆ. ಹಾಡು ನಿಂತಾಗ ಗುಂಯ್ ಅನ್ನುವ ಸದ್ದು. ನನ್ನ ಮೇಜಿನ ಮೇಲಿನ ಜೋಡಿ ಹೀಗೆ ಶುರು ಮಾಡಿದಾಗ ಹೊಸದು ತರಲು ಹೊರಟೇಬಿಟ್ಟಿದ್ದೆ. ಹೊರಡುವ ಮುಂಚೆ ಕೇಬಲ್ ಬದಲಿಸಿ ನೋಡಿದೆ. ಮೌನವಾಗುತ್ತಿದ್ದುದಕ್ಕೆ ಕೇಬಲ್ಲೇ ಕಾರಣ! ಗುಂಯ್ ಸದ್ದು ಮಾತ್ರ ಸ್ಪೀಕರಿನದೇ ಆಗಿತ್ತು. ಹಾಗಾಗಿ ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ.

ಕಂಪ್ಯೂಟರಿನ ಹಾಡನ್ನು ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸಿನ ಹಿಂದೆ ಎಡ, ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿ. ತೊಂದರೆ ಬಲಗಡೆಯ ಸ್ಪೀಕರಿಗೆ ಹೋದರೆ ದೋಷ ಇಂಟರ್‌ಫೇಸಿನಲ್ಲೋ ಕಂಪ್ಯೂಟರಿನಲ್ಲೋ ಇದೆ. ಎಡಗಡೆಯಲ್ಲೇ ಉಳಿದರೆ ಆ ಸ್ಪೀಕರಿಗೆ ಬೇರೆ ಕೇಬಲ್ ಹಾಕಿ, ಪವರ್ ಕಾರ್ಡನ್ನೂ ಬದಲಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಸ್ಪೀಕರ್ ಕೆಟ್ಟಿದೆ.

ಗುಂಯ್ ಸದ್ದಿಗೆ ಬೇರೆ ಪರೀಕ್ಷೆ ಇದೆ. ಸ್ಪೀಕರ್ ಆನ್ ಇರಲಿ. ವಾಲ್ಯೂಮ್ ಪೂರ್ತಿ ಇಳಿಸಿ, ಆಡಿಯೋ ಕೇಬಲ್ ಮಾತ್ರ ಕಿತ್ತು, ಮತ್ತೆ ನಿಧಾನವಾಗಿ ಏರಿಸಿ. ಸದ್ದು ಹಾಗೇ ಇದ್ದರೆ ಒಳಗಿನ ಪವರ್ ಸಪ್ಲೈ ದಣಿದಿದೆ. ಹೆಚ್ಚಾಗಿ ಅದರಲ್ಲಿನ ಕೆಪಾಸಿಟರ್ (ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಒಣಗಿರುತ್ತದೆ. ಸದ್ದು ನಿಂತುಹೋದರೆ ಅರ್ಥಿಂಗ್ ಗೊಂದಲ ಇರಬಹುದು. ನಮ್ಮ ಮನೆಯ ಕರೆಂಟು 50 ಹರ್ಟ್ಜ್‌ನದು. ಅದೇ ಆಡಿಯೋ ತಂತಿಯೊಳಗೆ ನುಸುಳಿ ಗುಂಯ್ಗುಡುತ್ತದೆ. ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೊರಗಿನಿಂದ ನುಸುಳುವ ಸದ್ದನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳಿ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮಾತ್ರ ಎಂದಿಗೂ ಮುರಿಯಬೇಡಿ. ಅದು ಜೀವ ಕಾಯುವ ಪಿನ್.

ಸ್ಪೀಕರನ್ನು ನೀವೇ ಬಿಚ್ಚಲೂಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ರಿಪೇರಿ ಗೊತ್ತಿರುವವರಿಗೆ ಕೊಡಿ. ತಗ್ಗು ದನಿ ಹೊರಡಿಸುವ ದೊಡ್ಡ ಕೋನ್ ಆದ ವೂಫರಿನ ಅಂಚಿನ ಫೋಮ್ ಹರಿದಿದ್ದರೆ, ಒಂದೆರಡು ಕೆಪಾಸಿಟರ್ ಹೋಗಿದ್ದರೆ ರಿಪೇರಿಯೇ ಲಾಭ. ಆಂಪ್ಲಿಫೈಯರ್ ಬೋರ್ಡೇ ಸುಟ್ಟಿದ್ದರೆ ಮೊದಲು ಬೋರ್ಡಿನ ಬೆಲೆ ಕೇಳಿ, ಆಮೇಲೆ ತೀರ್ಮಾನಿಸಿ.

ಹೊಸದೇ ಬೇಕು ಅನ್ನಿಸಿದರೆ ಎರಡನ್ನೂ ಬದಲಿಸಿ. ಒಂದು ಹಳೆಯದು, ಒಂದು ಹೊಸದು ಇಟ್ಟರೆ ಎಡ, ಬಲ ಒಂದೇ ಥರ ಕೇಳುವುದಿಲ್ಲ. ನಡುವೆ ಕೇಳಬೇಕಾದ ಗಾಯಕಿಯ ದನಿ ಒಂದು ಕಡೆಗೆ ವಾಲುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ: ಸ್ಟುಡಿಯೋ ಮಾನಿಟರ್‌ಗಳನ್ನು ಬಹಳ ಸಲ ಬಿಡಿಯಾಗಿ ಮಾರುತ್ತಾರೆ. ಕಾಣುವ ಬೆಲೆ ಒಂದಕ್ಕೋ ಜೋಡಿಗೋ ಎಂದು ಕೇಳಿಕೊಳ್ಳಿ.

ಹತ್ತಡಿ ಅಗಲ, ಹತ್ತಡಿ ಉದ್ದದ ಕೋಣೆಗೆ 5 ಇಂಚಿನ ವೂಫರ್ ಸಾಕು. ಯಮಹಾ ಎಚ್‌ಎಸ್5 ಇಂಥದ್ದು. 70 ವ್ಯಾಟಿನದು, ತಗ್ಗು ದನಿಯಲ್ಲಿ 54 ಹರ್ಟ್ಜ್‌ವರೆಗೆ ಇಳಿಯುತ್ತದೆ. 8 ಇಂಚಿನದು ಅಷ್ಟು ಸಣ್ಣ ಕೋಣೆಯಲ್ಲಿ ಬರೀ ಗುಡುಗುತ್ತದೆ. ತಬಲಾದ ಡಗ್ಗಾ ಯಾವುದು, ಕೋಣೆಯ ಗದ್ದಲ ಯಾವುದು ತಿಳಿಯುವುದೇ ಇಲ್ಲ.

ಇನ್ನು ಇಡುವ ಜಾಗ. ಹೆಚ್ಚಿನವರು ಅವಸರಪಡುವುದು ಇಲ್ಲೇ. ದುಬಾರಿ ಸ್ಪೀಕರನ್ನು ಮೂಲೆಗೆ ತಳ್ಳುವುದಕ್ಕಿಂತ ಸಾಧಾರಣ ಸ್ಪೀಕರನ್ನು ಸರಿಯಾದ ಜಾಗದಲ್ಲಿ ಇಡುವುದು ಎಷ್ಟೋ ಮೇಲು. ಅಳತೆಪಟ್ಟಿ ತನ್ನಿ. ಎರಡು ಸ್ಪೀಕರ್‌ಗಳ ನಡುವೆ ಒಂದು ಮೀಟರ್ ಇದ್ದರೆ, ಪ್ರತಿಯೊಂದರಿಂದ ನಿಮ್ಮ ತಲೆಗೂ ಒಂದು ಮೀಟರ್ ಇರಲಿ. ಟ್ವೀಟರ್, ಅಂದರೆ ಏರು ದನಿ ಹೊರಡಿಸುವ ಸಣ್ಣ ಭಾಗ, ನಿಮ್ಮ ಕಿವಿಯ ಮಟ್ಟಕ್ಕೆ ಬರಲಿ. ಸ್ಪೀಕರ್ ಕೆಳಗೆ ದಪ್ಪ ಫೋಮ್ ಇಡಿ, ಇಲ್ಲದಿದ್ದರೆ ಮೇಜೂ ನಡುಗಿ ದನಿಗೂಡಿಸುತ್ತದೆ. ಎಡಗೋಡೆಗೂ ಬಲಗೋಡೆಗೂ ದೂರ ಸಮನಾಗಿರಲಿ. ಹಿಂದಿನ ಗೋಡೆಗೆ ಅಂಟಿಸಬೇಡಿ, ಬಾಸ್ ಊದಿಕೊಳ್ಳುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಸ್ಪೀಕರಿನ ಹಿಂದಿರುವ ಸ್ವಿಚ್ಚಿನಿಂದ ಬಾಸ್ ತಗ್ಗಿಸಿ. ಎಚ್‌ಎಸ್5ರಲ್ಲಿ 2 ಅಥವಾ 4 ಡೆಸಿಬೆಲ್ ಇಳಿಸಬಹುದು.

ಆನ್ ಮಾಡುವಾಗ ಇಂಟರ್‌ಫೇಸ್ ಮೊದಲು, ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಹೀಗೆ ಮಾಡಿದರೆ ಟಪ್ಪೆಂದು ಬಡಿಯುವ ಸದ್ದು ಟ್ವೀಟರಿಗೆ ತಾಗುವುದಿಲ್ಲ.

ಮೊದಲ ವಾರ ಮಿಕ್ಸಿಂಗ್ ಬೇಡ. ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನು ಕೇಳಿ. ತಂಬೂರಿಯ ಶ್ರುತಿ ಎಷ್ಟು ಹಿಂದೆ ನಿಂತಿದೆ, ಗಾಯಕರು ಉಸಿರೆಳೆಯುವುದು ಕೇಳುತ್ತದೆಯೇ, ಗಮನಿಸಿ. ಯಮಹಾ ಎನ್‌ಎಸ್10 ಎಂಬ ಸ್ಪೀಕರ್ 1978ರಲ್ಲಿ ಬಂದಾಗ ಅದು ಮನೆಗಳಿಗೆಂದು ಮಾಡಿದ್ದು. ಆದರೂ ಜಗತ್ತಿನ ಎಷ್ಟೋ ಸ್ಟುಡಿಯೋಗಳಲ್ಲಿ ಅದೇ ಕೂತಿತು. ಕೇಳಲು ಇಂಪಾಗಿತ್ತು ಅಂತಲ್ಲ. ತಪ್ಪುಗಳನ್ನು ಎತ್ತಿ ತೋರಿಸುತ್ತಿತ್ತು, ಕಿವಿಗಳು ಅದಕ್ಕೆ ಒಗ್ಗಿದ್ದವು. ಹೊಸ ಜೋಡಿಗೆ ನಿಮ್ಮ ಕಿವಿಯೂ ಹಾಗೆ ಒಗ್ಗಬೇಕಲ್ವಾ?

ಹಳೆಯ ಜೋಡಿಯಲ್ಲಿ ಒಂದು ಚೆನ್ನಾಗಿದ್ದರೆ ಎಸೆಯಬೇಡಿ. ನಾನು ಅದನ್ನು ಕಪಾಟಿನ ಮೇಲಿಟ್ಟು ಮೋನೋದಲ್ಲಿ, ಅಂದರೆ ಎಡ, ಬಲ ಎರಡನ್ನೂ ಸೇರಿಸಿ ಒಂದೇ ಸ್ಪೀಕರಿನಲ್ಲಿ, ಹಾಡು ಕೇಳಲು ಬಳಸುತ್ತೇನೆ. ಕೆಟ್ಟದ್ದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಹೋಯಿತು.