ಮಡಿಯ ಮಾತಲ್ಲೇ ಬರೆದೆ

ಏಳು ವರ್ಷ, ನಾಲ್ಕು ಕರಡು. ಮಾಧ್ವರ ಮನೆಯ ಹುಡುಗನೊಬ್ಬ ಗಂಡಸನ್ನು ಪ್ರೀತಿಸುವ ನನ್ನ ಕಾದಂಬರಿಯ 500 ಪ್ರತಿ ಹನ್ನೊಂದು ತಿಂಗಳಲ್ಲಿ ಖಾಲಿಯಾದವು. "ಇದನ್ನೆಲ್ಲ ಮನೆಮಾತಲ್ಲಿ ಬರೆಯೋಕಾಗಲ್ಲ" ಎಂದಿದ್ದ ಗೆಳೆಯರೇ ಈಗ ಹೇಗೆ ಬರೆದೆ ಎಂದು ಕೇಳುತ್ತಿದ್ದಾರೆ.

ಮೊದಲ ಕರಡು ಬರೀ ಕೋಪ. ಸುಮಾರು 400 ಪುಟ, ಅಪ್ಪ ಪೂರಾ ಖಳನಾಯಕ. "ಅಪ್ಪ ಹೀಗೆ ಮಾತಾಡಲ್ಲ ಕಣೋ, ಇದು ನೀನು" ಎಂದಳು ಅಕ್ಕ. 150 ಪುಟ ಹರಿದೆ. ಎರಡನೆಯದರಲ್ಲಿ ಪದಗಳೇ ಕೈಕೊಟ್ಟವು. ಮೈಯ ಬಗ್ಗೆ ಕನ್ನಡದಲ್ಲಿ ಬರೆಯಹೊರಟವರಿಗೆ ಗೊತ್ತು: ಒಂದೋ ವೈದ್ಯರ ಸಂಸ್ಕೃತ, ಇಲ್ಲವೋ ಬೀದಿಯ ಬೈಗುಳ. ‘ಸಲಿಂಗಕಾಮ’ ಎಂದು ಬರೆದ ಕೂಡಲೇ ನನ್ನ ಹುಡುಗ ಪತ್ರಿಕೆಯ ವರದಿಯಾಗಿಬಿಡುತ್ತಿದ್ದ.

ದಾರಿ ಸಿಕ್ಕಿದ್ದು ಅಡುಗೆಮನೆಯ ಹೊಸ್ತಿಲಲ್ಲಿ. ಮಡಿಯಲ್ಲಿದ್ದ ಅಮ್ಮ "ಮುಟ್ಟಬೇಡ್ವೋ, ದೂರ ನಿಲ್ಲು" ಎಂದಳು. ಮುಟ್ಟುವುದರ ಬಗ್ಗೆ ಆ ಹುಡುಗನಿಗೆ ಗೊತ್ತಿರುವ ಭಾಷೆ ಇದೊಂದೇ! ಮಡಿ, ಮೈಲಿಗೆ, ಮುಸುರೆ, ಎಂಜಲು. ಆಸೆಯನ್ನೆಲ್ಲ ಇವುಗಳಲ್ಲೇ ಬರೆದೆ. ನೀರನ್ನು ಎತ್ತಿ ಕುಡಿದೇ ಬೆಳೆದ ಹತ್ತೊಂಬತ್ತರ ಹುಡುಗ, ಹಾಸ್ಟೆಲಿನಲ್ಲಿ ಸೀನಿಯರ್ ಕುಡಿದಿಟ್ಟ ಲೋಟವನ್ನು ಕಚ್ಚಿ ಕುಡಿಯುತ್ತಾನೆ. ಅಷ್ಟೇ. ಬಿಚ್ಚಿ ಬರೆದ ಯಾವ ಪುಟಕ್ಕೂ ಆ ಬಿಸಿ ಇರಲಿಲ್ಲ.

ಇನ್ನೊಂದು ಅನುಕೂಲ ನಮ್ಮ ‘ಅವರು’. "ಅವರು ಊಟಕ್ಕೆ ಕರೆದರು" ಎಂದು ಹುಡುಗ ಅಮ್ಮನಿಗೆ ಹೇಳಿದರೆ ಗಂಡೋ ಹೆಣ್ಣೋ ತಿಳಿಯದು. ಮೊದಲು ಪ್ರಿಯಕರನನ್ನು ಸಹಪಾಠಿ ಮಾಡಿದ್ದೆ, ‘ಅವರು’ ಕೃತಕವಾಗಿ ಕೇಳಿಸಿತು. ಎಂ.ಎ. ಓದುವವನನ್ನಾಗಿ ಮಾಡಿದ ಮೇಲೆ ಕೂತಿತು. ಅಮ್ಮನ ತಪ್ಪುಕಲ್ಪನೆ ಅರವತ್ತು ಪುಟ ನಡೆಯುತ್ತದೆ. ಅದು ಯಾವ ಮಾತಿನಲ್ಲಿ ಒಡೆಯುತ್ತದೆಂದು ಇಲ್ಲಿ ಹೇಳಲಾರೆ.

ನಡುವೆ ಒಂದು ಅಧ್ಯಾಯವನ್ನು ಭಾಮಿನಿ ಷಟ್ಪದಿಯಲ್ಲಿ ಬರೆಯಲು ಹೋಗಿ ಒಂದೂವರೆ ತಿಂಗಳು ಕಳೆದೆ. ಮಾತ್ರೆ ಸರಿಯಿತ್ತು, ಹುಡುಗ ಕಾಣೆಯಾಗಿದ್ದ. ತಿಂಗಳಿಗೊಂದು ಬಗೆಯ ಆಹಾರ ಬಿಡುವ ನಾಲ್ಕು ತಿಂಗಳ ವ್ರತ, ಚಾತುರ್ಮಾಸ್ಯ, ಮಾತ್ರ ಕೈಹಿಡಿಯಿತು: ಶಾಕ (ತರಕಾರಿ), ದಧಿ (ಮೊಸರು), ಕ್ಷೀರ (ಹಾಲು), ದ್ವಿದಳ (ಬೇಳೆಕಾಳು). ಕಾದಂಬರಿಗೂ ಇವೇ ನಾಲ್ಕು ಭಾಗ.

2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧ ಅಪರಾಧವಲ್ಲವೆಂಬ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಮೂರನೇ ಕರಡಿನಲ್ಲಿದ್ದೆ. ಅತ್ತುಬಿಟ್ಟೆ. ಕಥೆಯನ್ನು ಹಿಂದಕ್ಕೆ, ಅದೇ ಮಾತನ್ನು ಮೊದಲು ಹೇಳಿದ್ದ ದೆಹಲಿ ಹೈಕೋರ್ಟ್ ತೀರ್ಪು ಬಂದ 2009ರ ಜುಲೈ 2ಕ್ಕೆ ಒಯ್ದೆ. ಹಳೆಯ ಪಂಚಾಂಗ ತೆಗೆದರೆ ಮಾರನೆಯ ದಿನವೇ ಆಷಾಢ ಶುದ್ಧ ಏಕಾದಶಿ, ತಪ್ತಮುದ್ರಾಧಾರಣೆ! ಬೆಳಗಿನ ಪೇಪರಿನಲ್ಲಿ ತೀರ್ಪು ಓದಿದ ಹುಡುಗ ಅಪ್ಪನ ಹಿಂದೆ ಸಾಲಿನಲ್ಲಿ ನಿಂತು, ಕಾದ ಶಂಖಚಕ್ರಕ್ಕೆ ತೋಳು ಒಡ್ಡುತ್ತಾನೆ. ಆ ಹನ್ನೆರಡು ಪುಟ ನಾನು ಬರೆದುದರಲ್ಲೇ ಉತ್ತಮವಾದದ್ದು. ಅಪ್ಪ ಅಲ್ಲಿ ಖಳನಾಯಕನಲ್ಲ, ಮಗನ ಚರ್ಮ ಸುಟ್ಟೀತೆಂದು ಹೆದರುವ ತಂದೆ.

ಇಬ್ಬರು ಪ್ರಕಾಶಕರು ಬೇಡವೆಂದರು. ಮೂರನೆಯವರು "ಕೊನೆಗೆ ಹುಡುಗನಿಗೆ ಮದುವೆ ಮಾಡಿಸಿ" ಎಂದರು. ನಾನೇ ಅಚ್ಚು ಹಾಕಿಸಿದೆ: ಡೆಮಿ 1/8 ಅಳತೆ, 240 ಪುಟ, ಎಲ್ಲ ಸೇರಿ 52 ಸಾವಿರದ ಆಸುಪಾಸು. ಬೆಲೆ 250, ಅಂಗಡಿಗೆ ಶೇ. 40 ರಿಯಾಯಿತಿ. ಒಬ್ಬ ವಿತರಕರಿಂದ 9 ಸಾವಿರ ಇನ್ನೂ ಬರಬೇಕು. ಹೆಚ್ಚಿನವನ್ನು ನಾನೇ ಅಂಚೆಗೆ ಹಾಕಿದ್ದರಿಂದ ಹಾಕಿದ್ದು ಬಂದು ಇಪ್ಪತ್ತು ಸಾವಿರದಷ್ಟು ಉಳಿಯಿತು.

ಕಳೆದ ತಿಂಗಳು ವಯಸ್ಸಾದ ಹೆಂಗಸೊಬ್ಬರು ಫೋನ್ ಮಾಡಿದರು. "212ನೇ ಪುಟದಲ್ಲಿ ದ್ವಿದಳದ ತಿಂಗಳು, ಅಲ್ಲಿ ತಾಯಿ ಬೇಳೆ ಹುಳಿ ಬಡಿಸ್ತಾಳಲ್ಲಪ್ಪಾ?" ಬೇರೇನೂ ಹೇಳಲಿಲ್ಲ. ಕೊನೆಯ ಕರಡಿನಲ್ಲಿ ಆ ಊಟವನ್ನು ಬೇರೆ ತಿಂಗಳಿಂದ ಎತ್ತಿ ಇಟ್ಟಿದ್ದೆ. ಎರಡನೇ ಮುದ್ರಣಕ್ಕೆ ತಿದ್ದಿದ್ದೇನೆ.