ಗಿರಾಕಿಯ ಕಾಗದ ಇಟ್ಟುಕೊಳ್ಳದೆ ಆನ್‌ಲೈನ್ ಸೆಂಟರ್ ನಡೆಸಿದ ನನ್ನ ಅನುಭವ

ಎರಡು ವರ್ಷದಿಂದ, ಜನರ ಅರ್ಜಿ ತುಂಬಿಕೊಡುವ ನನ್ನ ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಒಬ್ಬ ಗಿರಾಕಿಯ ಆಧಾರ್ ಕೂಡ ಉಳಿದಿಲ್ಲ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಎಲ್ಲ ಖಾಲಿ. ಶುರು ಮಾಡಿದಾಗ ದಾವಣಗೆರೆಯಲ್ಲಿ ನಮ್ಮದೇ ಕಸುಬಿನವರು ನಂಬಲಿಲ್ಲ. "ಫೋಲ್ಡರ್ ಇಲ್ದೆ ಯಾವ ಗಿರಾಕಿ ಬರ್ತಾನೆ ಅಣ್ಣಾ? ಮೂರು ತಿಂಗಳಿಗೆ ಬಾಗಿಲು ಹಾಕ್ತೀರಿ" ಅಂದರು. ಈಗ ಅವರೇ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಸುಬಿನ ಪದ್ಧತಿ ಹೀಗೆ. ಒಮ್ಮೆ ಬಂದವರ ಆಧಾರ್, ಫೋಟೋ, ಜಾತಿ-ಆದಾಯ ಪತ್ರ, ಪಾಸ್‌ಬುಕ್ ಎಲ್ಲ ಅವರ ಹೆಸರಿನ ಫೋಲ್ಡರ್‌ನಲ್ಲಿ. ಪಾಸ್‌ವರ್ಡ್ ನೋಟ್‌ಬುಕ್‌ನಲ್ಲಿ. ನನ್ನ ಹತ್ತಿರ ಸುಮಾರು 1,100 ಫೋಲ್ಡರ್ ಇದ್ದವು. ಅದೇ ನನ್ನ ಬಂಡವಾಳ ಅಂದುಕೊಂಡಿದ್ದೆ.

ಒಂದು ಸಂಜೆ ಮಿರ್ಚಿ-ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಪೊಟ್ಟಣ ಬಿಚ್ಚಿದರೆ ನನ್ನ ಅಂಗಡಿಯ ಪ್ರಿಂಟ್! ಇಂಕು ಸರಿ ಬಾರದ ಒಂದು ಅರ್ಜಿ, ಹೆಸರು, ವಿಳಾಸ, ಫೋನ್ ನಂಬರ್ ಸಮೇತ. ಕೆಟ್ಟ ಪ್ರಿಂಟ್‌ಗಳನ್ನೆಲ್ಲ ನಾನೇ ರದ್ದಿಗೆ ಹಾಕಿದ್ದೆ, ಕಿಲೋಗೆ ಹತ್ತೋ ಹನ್ನೆರಡೋ ರೂಪಾಯಿಗೆ. ಅವತ್ತು ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ. ಅದೇ ತಿಂಗಳು ಖಾಯಂ ಗಿರಾಕಿಯೊಬ್ಬರಿಗೆ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುವ ಸರ್ಕಾರಿ ತಾಣ ಸಂಚಾರ್ ಸಾಥಿಯಲ್ಲಿ ಚೆಕ್ ಮಾಡಿಕೊಟ್ಟೆ. ಅವರಿಗೇ ಗೊತ್ತಿಲ್ಲದ ಮೂರು ಸಿಮ್ ಅವರ ಹೆಸರಿನಲ್ಲಿದ್ದವು. ನನ್ನ ಅಂಗಡಿಯಿಂದಲೇ ಕಾಗದ ಹೋಯಿತು ಅನ್ನಲಾರೆ. ಹೋಗಿಲ್ಲ ಅಂತ ಎದೆ ತಟ್ಟಿ ಹೇಳಲೂ ಆಗಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಆದರೆ ಜಗಳೂರಿನಿಂದ ಬೆಳೆ ಪರಿಹಾರದ ಅರ್ಜಿಗೆ ಬಂದ ರೈತರಿಗೆ ಆ ಹಕ್ಕು ಸಿಗುವುದೂ ತಪ್ಪುವುದೂ ನಮ್ಮ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಕಚೇರಿ ಒಂದು ಸೂಚನೆ ಕೊಟ್ಟಿತ್ತು. ಸೈಬರ್ ಕೆಫೆಯಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪೂರ್ತಿ ಅಳಿಸಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಎರಡೇ ದಿನದಲ್ಲಿ ಆ ಸೂಚನೆ ವಾಪಸ್ ಆಯಿತು. ಆದರೂ ಆ ಮಾತು ಸರಿ ಅಂತಲೇ ನನಗೆ ಅನಿಸಿತು.

ಏನೂ ಉಳಿಸಿಕೊಳ್ಳದಿರಲು ಮೊದಲು, ರೀಸ್ಟಾರ್ಟ್ ಮಾಡಿದರೆ ಹಳೆಯ ಸ್ಥಿತಿಗೆ ಮರಳುವ ಸಾಫ್ಟ್‌ವೇರ್ ಹಾಕಿದೆ. ನಾಲ್ಕು ಮೆಷಿನ್‌ಗೆ ಹತ್ತು ಸಾವಿರದ ಹತ್ತಿರ ಹೋಯಿತು. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ವಾರ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಹುಡುಗರು ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಗೆ ಹಾಕಲು ಸ್ಕ್ಯಾನ್ ಮಾಡಿಸಿದ್ದ ಫೈಲ್‌ಗಳೆಲ್ಲ ಹೋದವು, 14 ಜನರದ್ದು. ಬೈಗುಳ ತಿಂದು, ದುಡ್ಡು ತಗೊಳ್ಳದೆ ಎಲ್ಲ ಮತ್ತೆ ಮಾಡಿಕೊಟ್ಟೆ. ಆಮೇಲೆ ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಪೆನ್‌ಡ್ರೈವ್ ಹಿಡಿದೆ. ಬ್ರೌಸರ್ ಕೆಲಸಕ್ಕೆ ಚೆನ್ನಾಗಿತ್ತು. ಹಳೆಯ ನುಡಿ ಫಾಂಟಿನ ಕರಾರುಪತ್ರ ತೆರೆದರೆ ಬರೀ ಚಿತ್ರಲಿಪಿ. ಬೆರಳಚ್ಚಿನ ಡಿವೈಸೂ ಹಿಡಿಯಲಿಲ್ಲ. ತಿಂಗಳಲ್ಲಿ ಬಿಟ್ಟೆ.

ಕೊನೆಗೆ ಗೆದ್ದದ್ದು, ಮೆಷಿನ್ ಆಫ್ ಆದರೆ ಖಾಲಿಯಾಗುವ ಮೆಮೊರಿಯನ್ನೇ ಡಿಸ್ಕ್ ಆಗಿಸುವ ರ್‍ಯಾಮ್ ಡಿಸ್ಕ್. ಪ್ರತಿ ಮೆಷಿನ್‌ಗೆ ರ್‍ಯಾಮ್ ಹೆಚ್ಚಿಸಿ, 2 ಜಿಬಿಯನ್ನು ಡ್ರೈವ್ ಥರ ಎತ್ತಿಟ್ಟೆ. ಸ್ಕ್ಯಾನ್, ಬ್ರೌಸರ್ ಡೌನ್‌ಲೋಡ್, ವಾಟ್ಸ್ಆ್ಯಪ್ ವೆಬ್, ಪ್ರಿಂಟರ್‌ನ ಸ್ಪೂಲ್ ಫೋಲ್ಡರ್ (ಪ್ರಿಂಟ್ ಆಗುವ ಮೊದಲು ಫೈಲ್ ಕೂರುವ ಜಾಗ) ಎಲ್ಲವೂ ಅಲ್ಲಿಗೇ. ಮೆಷಿನ್ ಆಫ್ ಮಾಡಿದರೆ ಏನೂ ಇಲ್ಲ. ಹೈಬರ್ನೇಟ್ (ಇದ್ದ ಸ್ಥಿತಿಯಲ್ಲೇ ಮೆಷಿನ್ ಮಲಗಿಸುವುದು) ಮಾತ್ರ ಬಂದ್ ಮಾಡಿಡಿ, ಇಲ್ಲದಿದ್ದರೆ ರ್‍ಯಾಮ್‌ನಲ್ಲಿದ್ದದ್ದು ಹಾರ್ಡ್ ಡಿಸ್ಕ್‌ಗೆ ಇಳಿದುಬಿಡುತ್ತದೆ. ಒಬ್ಬ ಗಿರಾಕಿ ಎದ್ದ ಕೂಡಲೇ ಎಲ್ಲ ಲಾಗಿನ್ ಕಿತ್ತುಹಾಕುವ ಸಣ್ಣ ಸ್ಕ್ರಿಪ್ಟ್ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೊಸ ಬ್ಯಾಟರಿ ಸೇರಿ ಖರ್ಚು ಸುಮಾರು 22 ಸಾವಿರ.

ಕಂಪ್ಯೂಟರ್‌ಗಿಂತ ಜಾಸ್ತಿ ಕಾಡಿದ್ದು ಅಂಗಡಿಯ ಫೋನು. ವಾಟ್ಸ್ಆ್ಯಪ್‌ನಲ್ಲಿ 24 ಗಂಟೆಗೆ ಮೆಸೇಜ್ ಅಳಿಸುವ ಟೈಮರ್ ಹಾಕಿ ನಿಶ್ಚಿಂತೆಯಿಂದಿದ್ದೆ. ಒಂದು ದಿನ ಗ್ಯಾಲರಿ ತೆರೆದರೆ ಮೂರು ವರ್ಷದ ಆಧಾರ್ ಫೋಟೋಗಳು ಹಾಗೇ ಕೂತಿದ್ದವು, ಡ್ರೈವ್ ಬ್ಯಾಕಪ್‌ನಲ್ಲೂ. ಅಳಿಸಲು ಎರಡು ಭಾನುವಾರ ಹಿಡಿಯಿತು. ಗ್ಯಾಲರಿಯಲ್ಲಿ ಮೀಡಿಯಾ ತೋರಿಸುವ ಸೆಟ್ಟಿಂಗ್, ಬ್ಯಾಕಪ್ ಎರಡನ್ನೂ ಆಫ್ ಮಾಡಿ.

ಪಾಸ್‌ವರ್ಡ್ ನೋಟ್‌ಬುಕ್ ಬದಲು ಒಂದು ಸಣ್ಣ ಕಾರ್ಡ್ ಮಾಡಿಸಿದೆ. ಗಿರಾಕಿಯೇ ಬರೆದುಕೊಂಡು ರೇಷನ್ ಕಾರ್ಡ್ ಜೊತೆ ಇಟ್ಟುಕೊಳ್ಳಬೇಕು. ಸಾವಿರ ಕಾರ್ಡ್‌ಗೆ 900 ರೂಪಾಯಿ. ಮೊದಲ ಮೂರು ತಿಂಗಳು ಪೆಟ್ಟು ಬಿತ್ತು. "ಮತ್ತೆ ಎಲ್ಲ ತರಬೇಕಾ?" ಅಂತ ಎದುರಿನ ಅಂಗಡಿಗೆ ಹೋದರು. ತಿಂಗಳಿಗೆ ಆರೇಳು ಸಾವಿರ ಕಡಿಮೆಯಾಯಿತು.

ಅವರನ್ನು ವಾಪಸ್ ತಂದದ್ದು 250 ರೂಪಾಯಿಯ ಒಂದು ರಬ್ಬರ್ ಸ್ಟಾಂಪ್. "ಈ ಪ್ರತಿ ______ ಕೆಲಸಕ್ಕೆ ಮಾತ್ರ, ದಿನಾಂಕ ______". ಆಧಾರ್ ಝೆರಾಕ್ಸ್ ಮೇಲೆ ಪುಕ್ಕಟೆ ಒತ್ತಿಕೊಡುತ್ತೇನೆ. ಮಾಸ್ಕ್ಡ್ ಆಧಾರ್ ಕೊಟ್ಟರೆ 12 ಅಂಕಿಯೂ ಬೇಕು ಅಂತ ವಾಪಸ್ ಕಳಿಸುವ ಕಡೆಗಳಲ್ಲೂ ಸ್ಟಾಂಪ್ ಇದ್ದ ಪ್ರತಿ ತಗೊಂಡರು. ಎಲ್ಲಿ ಒತ್ತಬೇಕು, ಎಷ್ಟು ತೆಳು ಇಂಕು ಅನ್ನುವುದು ಕೈಗೆ ಬರಬೇಕು. ಬಾಡಿಗೆ ಮನೆ ಹುಡುಕುವ ಕಾಲೇಜು ಹುಡುಗಿಯರು ಈ ಸ್ಟಾಂಪ್‌ಗೆಂದೇ ವಿದ್ಯಾನಗರದಿಂದ ಬರುತ್ತಾರೆ. ಈಗ ವ್ಯಾಪಾರ ಮೊದಲಿಗಿಂತ ಮೂರ್ನಾಲ್ಕು ಸಾವಿರ ಜಾಸ್ತಿಯೇ ಇದೆ.

ಒಂದು ತಪ್ಪು ಮಾತ್ರ ಇವತ್ತಿಗೂ ನೋಯಿಸುತ್ತದೆ. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚು ಬಳಸಿ, ಆಧಾರ್ ನಂಬರ್-ಬೆರಳಚ್ಚಿನಲ್ಲೇ ಬ್ಯಾಂಕ್ ದುಡ್ಡು ಕೊಡುವ ಎಇಪಿಎಸ್‌ನಲ್ಲಿ ದುಡ್ಡು ಎತ್ತಿದ ಪ್ರಕರಣಗಳು ರಾಜ್ಯದಲ್ಲಿ ಬಂದವಲ್ಲ, ಆಮೇಲೆ ನಾನು ಸಿಕ್ಕವರಿಗೆಲ್ಲ ಆಧಾರ್‌ನ ಬಯೊಮೆಟ್ರಿಕ್ ಲಾಕ್ (ಬೆರಳಚ್ಚು ಯಾರೂ ಬಳಸದ ಹಾಗೆ ಬೀಗ) ಮಾಡಿಕೊಡುತ್ತಿದ್ದೆ. ಒಂಟಿ ಅಜ್ಜಿಯೊಬ್ಬರಿಗೂ ಮಾಡಿದೆ. ದುಗ್ಗಮ್ಮನ ಜಾತ್ರೆಗೆ ಬಂದಿದ್ದ ಮೊಮ್ಮಗನ ಫೋನಿಗೆ ಓಟಿಪಿ ಬಂತು. ಅವನು ಬೆಂಗಳೂರಿಗೆ ಹೋದ. ಮುಂದಿನ ತಿಂಗಳು ರೇಷನ್ ಅಂಗಡಿಯಲ್ಲಿ ಅಜ್ಜಿಯ ಬೆರಳು ತಗೊಳ್ಳಲಿಲ್ಲ. ಎರಡು ಸಲ ನಡೆದು ಬರಿಗೈಯಲ್ಲಿ ವಾಪಸ್ ಬಂದರು. "ನೀನೇ ಏನೋ ಮಾಡಿದ್ಯಲ್ಲ ತಮ್ಮಾ" ಅಂದಾಗ ತಲೆ ಎತ್ತಲಾಗಲಿಲ್ಲ. ಮೊಮ್ಮಗನಿಗೆ ಫೋನ್ ಹಚ್ಚಿ, ಓಟಿಪಿ ಕೇಳಿ, ಲಾಕ್ ತೆಗೆಸಿದೆ. ಈಗ ಆಧಾರ್‌ಗೆ ಜೋಡಿಸಿದ ಫೋನ್ ಅವರ ಕೈಯಲ್ಲೇ ಇಲ್ಲದಿದ್ದರೆ ಲಾಕ್ ಮಾಡುವುದಿಲ್ಲ.

ರಿಜಿಸ್ಟರ್ ಮಾತ್ರ ಬಿಡುವ ಹಾಗಿಲ್ಲ. ಗಿರಾಕಿ ತಾನೇ ಕೂತು ಬಳಸುವ ಕಂಪ್ಯೂಟರ್ ಇದ್ದರೆ 2011ರ ಸೈಬರ್ ಕೆಫೆ ನಿಯಮದ ಪ್ರಕಾರ ಗುರುತಿನ ದಾಖಲೆಯನ್ನೂ ಯಾರು ಯಾವಾಗ ಬಳಸಿದರು ಅನ್ನುವ ಲಾಗನ್ನೂ ಒಂದು ವರ್ಷ ಇಡಬೇಕು. ಕಾಗದದಲ್ಲಿ ಇಡುತ್ತೇನೆ, ಬೀರುವಿನಲ್ಲಿ ಬೀಗ ಹಾಕಿ. ಹದಿಮೂರನೇ ತಿಂಗಳು ಶ್ರೆಡ್ಡರ್‌ಗೆ. ಮೊದಲು ತಂದ ಅಗ್ಗದ ಶ್ರೆಡ್ಡರ್ ಉದ್ದುದ್ದ ಪಟ್ಟಿ ಮಾಡುತ್ತಿತ್ತು, ಜೋಡಿಸಿದರೆ ಓದಬಹುದಿತ್ತು. ಎರಡನೆಯದು ಐದು ಸಾವಿರ ಚಿಲ್ಲರೆ, ಪುಡಿ ಮಾಡುತ್ತದೆ. ಆ ಪುಡಿಯನ್ನು ಬಳೆ ಅಂಗಡಿಯವರು ಪ್ಯಾಕಿಂಗ್‌ಗೆ ಒಯ್ಯುತ್ತಾರೆ.

ಹೋದ ತಿಂಗಳು ಹಳೆಯ ದೊಡ್ಡ ಝೆರಾಕ್ಸ್ ಮೆಷಿನ್ ಎಕ್ಸ್‌ಚೇಂಜ್‌ಗೆ ಹಾಕಿದೆ. ಅದರೊಳಗೂ ಒಂದು ಹಾರ್ಡ್ ಡಿಸ್ಕ್ ಇತ್ತು. ಡಿಸ್ಕ್ ತೆಗೆದು ಕೊಡುತ್ತೇನೆ ಅಂದದ್ದಕ್ಕೆ ಒಂದೂವರೆ ಸಾವಿರ ಕಡಿಮೆ ಕೊಟ್ಟರು. ಒಪ್ಪಿಕೊಂಡೆ. ವೆಲ್ಡಿಂಗ್ ಅಂಗಡಿಗೆ ಹೋಗಿ ಡಿಸ್ಕಿಗೆ ಮೂರು ತೂತು ಹೊಡೆಸಿದೆ. ಅವರು ಇಪ್ಪತ್ತು ರೂಪಾಯಿ ತಗೊಂಡರು.